ಮಂಗಳೂರಿನ ವಿಮಾನ ದುರಂತವೂ ಸಾಮೂಹಿಕ ವ್ಯಾಜ್ಯದ ಪ್ರಶ್ನೆಯೂ

೧

೨೦೧೦ನೆಯ ಇಸವಿ ಮೇ ತಿಂಗಳ ೨೨ನೆಯ ತಾರೀಖು ಶನಿವಾರ, ಬೆಳಗಿನ ಆರು ಗಂಟೆಯ ಸುಮಾರಿಗೆ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಯ ೮೧೨ನೆಯ ಸಂಖ್ಯೆಯ ವಿಮಾನವು ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಇಳಿಯುವಾಗ ಓಡುದಾರಿಯ ಅಂಚನ್ನು ದಾಟಿ ಕೆಂಜಾರಿನ ಕಣಿವೆಗೆ ಬಿದ್ದು ಉರಿದುಹೋಯಿತು. ಅದರಲ್ಲಿದ್ದ ೧೬೬ ಮಂದಿಯಲ್ಲಿ ೧೫೮ ಮಂದಿ ಮಡಿದರು; ಎಂಟು ಮಂದಿ ಮಾತ್ರ ಉಳಿದರು. ಗುರುತು ಹತ್ತದೆ ಉಳಿದ ೧೨ ಶವಗಳನ್ನು ಕೂಳೂರಿನ ಬಳಿ ಫಲ್ಗುಣಿ ನದಿಯ ದಂಡೆಯಲ್ಲಿ ಒಟ್ಟಿಗೆ ಮಣ್ಣು ಮಾಡಲಾಯಿತು.

ಈ ದುರಂತದ ತಾಂತ್ರಿಕ ಕಾರಣಗಳ ವಿಚಾರ ಪ್ರಕೃತ ಲೇಖನದ ವಸ್ತುವಲ್ಲ. ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದ ವಿಚಾರಣಾ ಮಂಡಲಿಯು ಅದನ್ನು ಪರಿಶೀಲಿಸಿತು. ಇಳಿಯುವಿಕೆ ಕ್ರಮ ತಪ್ಪಿದೆಯೆಂದು ಗೊತ್ತಾದ ಮೇಲೂ, ಸಹಚಾಲಕನು ಎಚ್ಚರಿಸಿದ ಮೇಲೂ, ಮುಖ್ಯಚಾಲಕನು ವಿಮಾನವನ್ನು ಮತ್ತೆ ಮೇಲಕ್ಕೇರಿಸದೆ ಹೋದುದೇ ಅವಘಡದ ನೇರ ಕಾರಣವೆಂದು ಅದು ಹೇಳಿತು. ನಾವು ಇಲ್ಲಿ ವಿವೇಚಿಸಬಯಸುವ ಸಂಗತಿ ಬೇರೆ. ಒಂದೇ ವಿಮಾನದಲ್ಲಿ, ಒಂದೇ ಗಳಿಗೆಯಲ್ಲಿ, ಒಂದೇ ಕಾರಣದಿಂದ ಪ್ರಾಣ ಕಳೆದುಕೊಂಡವರ ಕುಟುಂಬಗಳು ನ್ಯಾಯವನ್ನು ಕೇಳುವಾಗ ಏಕೆ ಒಬ್ಬಂಟಿಗಳಾದುವು? ಹಲವು ದೇಶಗಳಿಗೆ ಸಂಬಂಧಪಟ್ಟ ಇಂಥ ಪ್ರಕರಣದಲ್ಲಿ ನಾನಾ ದೇಶಗಳ ವಕೀಲರ ಸಹಕಾರದಿಂದ ಏನು ಸಾಧ್ಯ, ಏನು ಸಾಧ್ಯವಲ್ಲ? ಈ ಎರಡು ಪ್ರಶ್ನೆಗಳನ್ನು ಕಾನೂನಿನ ವಿದ್ಯಾರ್ಥಿಗಳೂ, ಇತಿಹಾಸ ಮತ್ತು ಸಮಾಜಶಾಸ್ತ್ರಗಳನ್ನು ಬೋಧಿಸುವ ಅಧ್ಯಾಪಕರೂ ಗಮನಿಸತಕ್ಕುದೆಂದು ನಮಗೆ ತೋರುತ್ತದೆ.

೨

ಮೊದಲು ಕಾನೂನಿನ ಸ್ಥಿತಿಯನ್ನು ತಿಳಿದುಕೊಳ್ಳಬೇಕು. ದೇಶದಿಂದ ದೇಶಕ್ಕೆ ಹೋಗುವ ವಿಮಾನದಲ್ಲಿ ಪ್ರಯಾಣಿಕನು ಸತ್ತರೆ ಯಾವ ದೇಶದ ಕಾನೂನು ಅನ್ವಯಿಸಬೇಕೆಂಬ ತೊಡಕನ್ನು ಬಿಡಿಸಲು ೧೯೨೯ರಲ್ಲಿ ವಾರ್ಸಾ ನಗರದಲ್ಲಿ ಒಂದು ಒಡಂಬಡಿಕೆ ಏರ್ಪಟ್ಟಿತು. ಭಾರತದಲ್ಲಿ ಅದು ೧೯೩೪ರ ಅಧಿನಿಯಮದ ಮೂಲಕ ಜಾರಿಗೆ ಬಂತು. ೧೯೫೫ರ ಹೇಗ್ ತಿದ್ದುಪಡಿಯನ್ನು ಒಳಗೊಂಡು ೧೯೭೨ರ ವಿಮಾನ ಸಾಗಾಣಿಕೆ ಅಧಿನಿಯಮವು ಅದರ ಸ್ಥಾನವನ್ನು ಪಡೆಯಿತು. ಈ ಹಳೆಯ ಏರ್ಪಾಡು ಎಳೆಯ ಉದ್ಯಮವೊಂದನ್ನು ಕಾಪಾಡುವ ಉದ್ದೇಶದಿಂದ ಹುಟ್ಟಿದುದು. ಆದಕಾರಣ ಅದರಲ್ಲಿ ಪರಿಹಾರದ ಮೊತ್ತಕ್ಕೆ ಕಿರಿದಾದ ಒಂದು ಮೇರೆಯನ್ನು ಹಾಕಲಾಗಿತ್ತು.

೧೯೯೯ರ ಮೇ ೨೮ರಂದು ಮಾಂಟ್ರಿಯಲ್ ನಗರದಲ್ಲಿ ಸಿದ್ಧವಾದ ಹೊಸ ಒಡಂಬಡಿಕೆಯು ಈ ದೃಷ್ಟಿಯನ್ನು ತಿರುಗಿಸಿತು. ಭಾರತವು ೨೦೦೯ರಲ್ಲಿ ಇದನ್ನು ಸೇರಿತು. ೧೯೭೨ರ ಅಧಿನಿಯಮಕ್ಕೆ ಅದು ಮೂರನೆಯ ಅನುಸೂಚಿಯಾಗಿ ಸೇರಿಕೊಂಡಿತು. ಮಂಗಳೂರಿನ ದುರಂತವು ಸಂಭವಿಸಿದುದು ಅದಾಗಿ ಒಂದು ವರ್ಷ ತುಂಬುವ ಮುನ್ನವೇ. ಆದ್ದರಿಂದ ನಮ್ಮ ವಕೀಲರಿಗೂ ನ್ಯಾಯಾಧೀಶರಿಗೂ ಈ ಕಾನೂನು ಹೊಚ್ಚಹೊಸದಾಗಿತ್ತು. ನೊಂದವರಿಗಂತೂ ಅದರ ಹೆಸರೇ ಅಪರಿಚಿತವಾಗಿತ್ತು.

ಹೊಸ ಒಡಂಬಡಿಕೆಯಲ್ಲಿ ಹೊಣೆಯು ಎರಡು ಮೆಟ್ಟಿಲುಗಳಲ್ಲಿದೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯು ಹಲವು ದೇಶಗಳ ನಾಣ್ಯಗಳ ಬೆಲೆಯನ್ನು ಕೂಡಿಸಿ ಏರ್ಪಡಿಸಿದ ಎಸ್. ಡಿ. ಆರ್. ಎಂಬ ಲೆಕ್ಕದ ಮಾನದಲ್ಲಿ ಒಂದು ಲಕ್ಷದವರೆಗಿನ ನಷ್ಟಕ್ಕೆ ವಿಮಾನ ಸಂಸ್ಥೆಯು ತನ್ನದು ತಪ್ಪಿಲ್ಲವೆಂದು ಹೇಳಿ ನುಣುಚಿಕೊಳ್ಳುವಂತಿಲ್ಲ. ಇದು ಮೊದಲನೆಯ ಮೆಟ್ಟಿಲು. ಅದಕ್ಕೆ ಮೇಲ್ಪಟ್ಟ ನಷ್ಟಕ್ಕೂ ಸಂಸ್ಥೆಯೇ ಹೊಣೆ; ಆದರೆ ತನ್ನ ಅಥವಾ ತನ್ನ ನೌಕರರ ಅಲಕ್ಷ್ಯವೇನೂ ಇರಲಿಲ್ಲವೆಂದೋ, ತಪ್ಪೆಲ್ಲ ಮೂರನೆಯವರದೆಂದೋ ಅದು ರುಜುವಾತು ಮಾಡಿದರೆ ಪಾರಾಗಬಹುದು. ರುಜುವಾತಿನ ಭಾರವು ನೊಂದವರ ಮೇಲಿಲ್ಲ, ಸಂಸ್ಥೆಯ ಮೇಲಿದೆ ಎಂಬುದು ಇಲ್ಲಿಯ ವಿಶೇಷ. ಈ ಒಂದು ಲಕ್ಷದ ಮೇರೆಯನ್ನು ಒಡಂಬಡಿಕೆಯ ಮಟ್ಟದಲ್ಲಿ ಕಾಲಕಾಲಕ್ಕೆ ಏರಿಸಲಾಗಿದೆ: ೨೦೦೯ರ ಕೊನೆಗೆ ೧,೧೩,೧೦೦, ೨೦೧೯ರ ಕೊನೆಗೆ ೧,೨೮,೮೨೧, ೨೦೨೪ರ ಕೊನೆಗೆ ೧,೫೧,೮೮೦. ನಾವು ವಿವೇಚಿಸುತ್ತಿರುವ ಪ್ರಕರಣದಲ್ಲಿ ನ್ಯಾಯಾಲಯವು ಚರ್ಚಿಸಿದುದು ಭಾರತದ ಅನುಸೂಚಿಯಲ್ಲಿದ್ದ ಒಂದು ಲಕ್ಷದ ಅಂಕಿಯನ್ನೇ.

೩

ದುರಂತದ ತರುವಾಯ ಸಂಸ್ಥೆಯು ಮಧ್ಯಂತರ ಪರಿಹಾರವಾಗಿ ಹನ್ನೆರಡು ವರ್ಷಕ್ಕೆ ಮೇಲ್ಪಟ್ಟ ಮೃತರ ಕುಟುಂಬಕ್ಕೆ ತಲಾ ೧೦ ಲಕ್ಷ ರೂಪಾಯಿಗಳನ್ನೂ, ಅದಕ್ಕಿಂತ ಕಿರಿಯರ ಕುಟುಂಬಕ್ಕೆ ೫ ಲಕ್ಷ ರೂಪಾಯಿಗಳನ್ನೂ, ಗಾಯಗೊಂಡವರಿಗೆ ೨ ಲಕ್ಷ ರೂಪಾಯಿಗಳನ್ನೂ ಪ್ರಕಟಿಸಿತು. ಮುಂದಿನ ಮೊತ್ತವನ್ನು ಸಂಸ್ಥೆಯ ಪರವಾದ ವಕೀಲರು ಒಂದೊಂದು ಕುಟುಂಬದೊಡನೆ ಬೇರೆಬೇರೆಯಾಗಿ ಮಾತನಾಡಿ ಗೊತ್ತುಮಾಡುವ ಕ್ರಮ ನಡೆಯಿತು. ಇದು ಕಾನೂನಿಗೆ ವಿರುದ್ಧವಲ್ಲ. ಮೃತನ ವಯಸ್ಸು, ಸಂಬಳ, ಅವಲಂಬಿತರ ಸಂಖ್ಯೆ ಇವು ಪ್ರತಿಯೊಂದು ಕುಟುಂಬದಲ್ಲಿಯೂ ಬೇರೆಯಾಗಿರುವುದರಿಂದ ಲೆಕ್ಕವೂ ಬೇರೆಯಾಗುವುದು ಸಹಜ. ಆದರೆ ಮೇಜಿನ ಒಂದು ಪಕ್ಕದಲ್ಲಿ ೧೫೮ ಪ್ರಕರಣಗಳ ಕಡತವನ್ನೂ ಕಂಡ ಅನುಭವವಿತ್ತು. ಇನ್ನೊಂದು ಪಕ್ಕದಲ್ಲಿ ತನ್ನೊಂದು ಪ್ರಕರಣವನ್ನಲ್ಲದೆ ಬೇರೊಂದನ್ನು ಕಾಣದ ವಿಧವೆಯೋ ಮುದಿ ತಂದೆಯೋ ಕುಳಿತಿರಬೇಕಾಯಿತು. ಅಸಮಾನತೆಯ ಬೇರು ಇಲ್ಲಿದೆ.

ಎಲ್ಲ ಕುಟುಂಬಗಳಿಗೂ ಸಮಾನವಾದ ಒಂದು ಕಾನೂನಿನ ಪ್ರಶ್ನೆ ಮಾತ್ರ ಉಳಿದೇ ಇತ್ತು. ಒಂದು ಲಕ್ಷ ಎಸ್. ಡಿ. ಆರ್. ಎಂಬುದು ಪ್ರತಿಯೊಬ್ಬ ಮೃತನಿಗೂ ಕೊಡಲೇಬೇಕಾದ ಕನಿಷ್ಠ ಮೊತ್ತವೆ? ಅಥವಾ ನಷ್ಟವನ್ನು ತೋರಿಸಿದರೆ ಮಾತ್ರ, ಆ ಮೇರೆಯವರೆಗೆ, ಸಂಸ್ಥೆಗೆ ತಕರಾರಿಲ್ಲವೆಂದು ಅರ್ಥವೆ? ಕಾಸರಗೋಡು ಜಿಲ್ಲೆಯ ಒಂದು ಕುಟುಂಬವು ಈ ಪ್ರಶ್ನೆಯನ್ನು ಕೇರಳದ ಉಚ್ಚ ನ್ಯಾಯಾಲಯದ ಮುಂದಿಟ್ಟಿತು. ೨೦೧೧ರ ಜುಲೈ ತಿಂಗಳಲ್ಲಿ ಏಕ ನ್ಯಾಯಾಧೀಶರ ಪೀಠವು ಅದು ಕನಿಷ್ಠ ಮೊತ್ತವೇ ಎಂದು ತೀರ್ಮಾನಿಸಿತು. ಆಗಿನ ಬೆಲೆಯಲ್ಲಿ ಅದು ಸುಮಾರು ೭೫ ಲಕ್ಷ ರೂಪಾಯಿ. ಸಂಸ್ಥೆಯು ಮೇಲ್ಮನವಿ ಸಲ್ಲಿಸಲಾಗಿ, ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ವಿಭಾಗೀಯ ಪೀಠವು ಆ ತೀರ್ಪನ್ನು ತಳ್ಳಿಹಾಕಿ, ನಷ್ಟವನ್ನು ರುಜುವಾತು ಮಾಡದೆ ಮೊತ್ತವನ್ನು ಕೇಳುವಂತಿಲ್ಲವೆಂದಿತು. ಸಂಬಳದ ಕೂಲಿಯವನ ಕುಟುಂಬಕ್ಕೂ, ಸಂಪಾದನೆಯೇ ಇಲ್ಲದ ಮಗುವಿನ ತಾಯಿಗೂ ಈ ಎರಡು ತೀರ್ಪುಗಳ ನಡುವಣ ಅಂತರ ಎಷ್ಟು ದೊಡ್ಡದೆಂಬುದನ್ನು ವಿವರಿಸಬೇಕಾಗಿಲ್ಲ. ಎಲ್ಲರ ಭಾಗ್ಯವನ್ನು ನಿರ್ಣಯಿಸುವ ವಾದದ ಭಾರವು ಒಂದು ಕುಟುಂಬದ ಹೆಗಲ ಮೇಲೆ ಬಿದ್ದಿತ್ತು.

ರಾಜಿಗೆ ಒಪ್ಪದೆ ಉಳಿದ ಇನ್ನೊಂದು ಕುಟುಂಬವು ರಾಷ್ಟ್ರೀಯ ಗ್ರಾಹಕ ಆಯೋಗದ ಮೂಲಕ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಮೃತನು ಕೊಲ್ಲಿ ದೇಶದ ಸಂಸ್ಥೆಯೊಂದರಲ್ಲಿ ಉನ್ನತ ಹುದ್ದೆಯಲ್ಲಿದ್ದವನು. ಮಾಲೀಕರು ಸಂಬಳವನ್ನು ನಾನಾ ಭತ್ಯೆಗಳಾಗಿ ಒಡೆದು ತೋರಿಸಿದ ಮಾತ್ರಕ್ಕೆ ಆ ಭತ್ಯೆಗಳನ್ನು ಆದಾಯದಿಂದ ಕಳೆಯತಕ್ಕದ್ದಲ್ಲವೆಂದು ನ್ಯಾಯಾಲಯವು ಹೇಳಿ, ೨೦೨೦ರ ಮಾರ್ಚ್ ತಿಂಗಳಲ್ಲಿ ೭.೬೪ ಕೋಟಿ ರೂಪಾಯಿಗಳನ್ನೂ ಅದರ ಮೇಲೆ ಶೇಕಡ ೯ರ ಬಡ್ಡಿಯನ್ನೂ ಗೊತ್ತುಪಡಿಸಿತು. ದುರಂತವಾಗಿ ಆಗ ಹತ್ತು ವರ್ಷಗಳಾಗುತ್ತ ಬಂದಿದ್ದುವು. ಭತ್ಯೆಗಳ ಬಗೆಗಿನ ಈ ತತ್ತ್ವವು ಕೊಲ್ಲಿ ದೇಶಗಳ ಉದ್ಯೋಗಿಗಳಲ್ಲಿ ಹಲವರಿಗೆ ಅನ್ವಯಿಸತಕ್ಕುದು. ಆದರೆ ಅಷ್ಟು ಹೊತ್ತಿಗೆ ರಾಜಿಯ ಪತ್ರಕ್ಕೆ ರುಜು ಹಾಕಿದವರಿಗೆ ಅದರಿಂದ ಪ್ರಯೋಜನವಿರಲಿಲ್ಲ.

೪

ಈ ಕುಟುಂಬಗಳು ಕೂಡಿ ನಿಲ್ಲಲು ಭೂಗೋಳವೇ ಒಂದು ಅಡ್ಡಿಯಾಗಿತ್ತು. ಮೃತರು ದಕ್ಷಿಣ ಕನ್ನಡ, ಉಡುಪಿ, ಭಟ್ಕಳ, ಕಾಸರಗೋಡು ಮುಂತಾದ ಕಡೆಯವರು. ೧೯೫೬ರವರೆಗೆ ಕಾಸರಗೋಡು ಮತ್ತು ಮಂಗಳೂರು ಒಂದೇ ಜಿಲ್ಲೆಗೆ ಸೇರಿದ್ದುವು. ಇಂದಿಗೂ ಕಾಸರಗೋಡಿನ ಜನರಿಗೆ ಆಸ್ಪತ್ರೆ, ಕಾಲೇಜು, ವಿಮಾನ ಎಲ್ಲಕ್ಕೂ ಮಂಗಳೂರೇ ಹತ್ತಿರ. ಆದರೆ ತಲಪಾಡಿಯ ಗಡಿಯನ್ನು ದಾಟಿದೊಡನೆ ಉಚ್ಚ ನ್ಯಾಯಾಲಯವು ಎರ್ನಾಕುಳಂಗೆ ಹೋಗುತ್ತದೆ. ಮಂಗಳೂರಿನವರಿಗೆ ಅದು ಬೆಂಗಳೂರು. ಭಟ್ಕಳದವರಿಗೆ ಧಾರವಾಡದ ಪೀಠ. ಒಂದೇ ವಿಮಾನದಲ್ಲಿ ಅಕ್ಕಪಕ್ಕದ ಆಸನಗಳಲ್ಲಿ ಕುಳಿತಿದ್ದವರ ಮನೆಯವರು ಮೂರು ದಿಕ್ಕಿಗೆ ಹೋಗಬೇಕು.

ದೇಶಗಳ ಗಡಿಯ ಮಾತು ಇನ್ನಷ್ಟು ತೊಡಕಿನದು. ಮಾಂಟ್ರಿಯಲ್ ಒಡಂಬಡಿಕೆಯ ೩೩ನೆಯ ವಿಧಿಯು ದಾವೆ ಹೂಡಬಹುದಾದ ಐದು ಸ್ಥಳಗಳನ್ನು ಹೇಳುತ್ತದೆ: ಸಂಸ್ಥೆಯ ನೆಲೆ, ಅದರ ಮುಖ್ಯ ವ್ಯವಹಾರಸ್ಥಾನ, ಟಿಕೆಟ್ಟಿನ ಕರಾರು ನಡೆದ ಅದರ ಕಚೇರಿಯಿರುವ ಸ್ಥಳ, ಪ್ರಯಾಣದ ಕೊನೆಯ ಸ್ಥಳ, ಮತ್ತು, ಕೆಲವು ನಿಬಂಧನೆಗಳಿಗೆ ಒಳಪಟ್ಟು, ಪ್ರಯಾಣಿಕನ ಮುಖ್ಯವೂ ಶಾಶ್ವತವೂ ಆದ ವಾಸಸ್ಥಾನ. ದುಬೈಯಲ್ಲಿ ಹೊರಟು ಮತ್ತೆ ದುಬೈಗೆ ಮರಳುವ ಟಿಕೆಟ್ಟನ್ನು ಪಡೆದವನಿಗೆ ಕಾನೂನಿನ ದೃಷ್ಟಿಯಲ್ಲಿ ಪ್ರಯಾಣದ ಕೊನೆಯು ದುಬೈಯೇ ಹೊರತು ಮಂಗಳೂರಲ್ಲ. ಇಪ್ಪತ್ತು ವರ್ಷ ಶಾರ್ಜಾದಲ್ಲಿ ದುಡಿದು, ವರ್ಷಕ್ಕೊಮ್ಮೆ ಉಪ್ಪಳದ ಮನೆಗೆ ಬರುವವನ ಶಾಶ್ವತ ವಾಸಸ್ಥಾನ ಯಾವುದೆಂಬುದು ವಾದಕ್ಕೆ ಎಡೆಗೊಡುವ ಸಂಗತಿ. ಹೀಗೆ ಒಬ್ಬೊಬ್ಬನ ಟಿಕೆಟ್ಟನ್ನು ನೋಡಿ ಒಂದೊಂದು ದೇಶದ ಬಾಗಿಲು ತೆರೆಯುತ್ತದೆ, ಇಲ್ಲವೆ ಮುಚ್ಚುತ್ತದೆ. ಇದನ್ನು ನಿಶ್ಚಯಿಸಲು ಇರುವ ಅವಧಿಯೂ ಕಿರಿದು. ವಿಮಾನವು ತಲಪಿದ ಅಥವಾ ತಲಪಬೇಕಾಗಿದ್ದ ದಿನದಿಂದ ಎರಡು ವರ್ಷಗಳೊಳಗೆ ದಾವೆ ಹೂಡದಿದ್ದರೆ ೩೫ನೆಯ ವಿಧಿಯ ಮೇರೆಗೆ ಹಕ್ಕೇ ನಂದಿಹೋಗುತ್ತದೆ.

೫

ಹಾಗಾದರೆ ಎಲ್ಲರೂ ಕೂಡಿ ಒಂದೇ ದಾವೆಯನ್ನು ಹೂಡಬಹುದಾಗಿತ್ತೆ? ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ ಒಂದನೆಯ ಆದೇಶದ ಎಂಟನೆಯ ನಿಯಮದಲ್ಲಿ ಪ್ರಾತಿನಿಧಿಕ ದಾವೆಗೆ ಅವಕಾಶವಿದೆ. ಸಮಾನ ಹಿತಾಸಕ್ತಿಯುಳ್ಳ ಬಹುಮಂದಿಯ ಪರವಾಗಿ ಒಬ್ಬನೋ ಕೆಲವರೋ ನ್ಯಾಯಾಲಯದ ಅಪ್ಪಣೆ ಪಡೆದು ದಾವೆ ನಡೆಸಬಹುದು. ಅದನ್ನು ಉಳಿದವರಿಗೆಲ್ಲ ನೋಟೀಸಿನ ಮೂಲಕ ತಿಳಿಸಬೇಕು. ಗ್ರಾಹಕ ಸಂರಕ್ಷಣೆಯ ೧೯೮೬ರ ಅಧಿನಿಯಮದಲ್ಲಿ ಇದ್ದ ಇಂಥದೇ ಅವಕಾಶವು ೨೦೧೯ರ ಅಧಿನಿಯಮದ ೩೫ನೆಯ ಕಲಮಿನಲ್ಲಿ ಮುಂದುವರಿದಿದೆ. ೨೦೨೧ರಲ್ಲಿ ಬೆಂಗಳೂರಿನ ವಸತಿ ಸಮುಚ್ಚಯವೊಂದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಉಪಯುಕ್ತವಾದ ಭೇದವನ್ನು ಮಾಡಿತು. ಎಲ್ಲರ ಹಿತವೂ ಒಂದೇ ಎಂದು ತೋರಿಸಲಾಗದಿದ್ದರೆ ಇಡೀ ವರ್ಗದ ಪ್ರತಿನಿಧಿಯಾಗಿ ನಿಲ್ಲುವಂತಿಲ್ಲ. ಆದರೆ ಮುಂದೆ ಬಂದ ಹಲವರು ತಮ್ಮ ತಮ್ಮ ಪರವಾಗಿಯೇ ಒಟ್ಟಾಗಿ ಒಂದು ಜಂಟಿ ದೂರನ್ನು ಕೊಡಲು ಅಡ್ಡಿಯಿಲ್ಲ.

ಈ ಭೇದವು ವಿಮಾನ ದುರಂತಕ್ಕೆ ಸರಿಯಾಗಿ ಹೊಂದುತ್ತದೆ. ಪ್ರಶ್ನೆಗಳು ಎರಡು ತೆರನಾಗಿವೆ. ಸಂಸ್ಥೆಯ ಅಲಕ್ಷ್ಯವಿತ್ತೆ, ಒಡಂಬಡಿಕೆಯ ಮೊದಲ ಮೆಟ್ಟಿಲಿನ ಅರ್ಥವೇನು, ಕೊಲ್ಲಿಯ ಭತ್ಯೆಗಳನ್ನು ಸಂಬಳದೊಡನೆ ಎಣಿಸಬೇಕೆ, ಇವು ಸಮಾನವಾದ ಪ್ರಶ್ನೆಗಳು. ಈ ಮೃತನ ಸಂಬಳವೆಷ್ಟು, ಇವನನ್ನು ನೆಚ್ಚಿದವರು ಯಾರು, ಇವು ಒಂದೊಂದು ಮನೆಯ ಪ್ರಶ್ನೆಗಳು. ಮೊದಲನೆಯವನ್ನು ಕೂಡಿ ವಾದಿಸಿ, ಎರಡನೆಯವನ್ನು ಬೇರೆಬೇರೆಯಾಗಿ ಲೆಕ್ಕಹಾಕುವುದು ನ್ಯಾಯವಾದ ಮಾರ್ಗ. ಅಮೆರಿಕದಲ್ಲಿ ೧೯೬೮ರಿಂದ ಹಲವು ಜಿಲ್ಲೆಗಳ ಕೇಂದ್ರೀಯ ನ್ಯಾಯಾಲಯಗಳಲ್ಲಿರುವ ಇಂಥ ದಾವೆಗಳನ್ನು ಪೂರ್ವವಿಚಾರಣೆಗಾಗಿ ಒಬ್ಬ ನ್ಯಾಯಾಧೀಶನ ಮುಂದೆ ತರುವ ವ್ಯವಸ್ಥೆಯಿದೆ. ನಮ್ಮಲ್ಲಿಯೂ ಸಾಧನಗಳು ಇಲ್ಲದೆ ಇಲ್ಲ. ಸಂವಿಧಾನದ ೧೩೯-ಎ ಅನುಚ್ಛೇದದ ಪ್ರಕಾರ ಸಾರಭೂತವಾಗಿ ಒಂದೇ ಆಗಿರುವ, ಸಾರ್ವತ್ರಿಕ ಮಹತ್ತ್ವವುಳ್ಳ ಕಾನೂನಿನ ಪ್ರಶ್ನೆಗಳು ಬೇರೆಬೇರೆ ಉಚ್ಚ ನ್ಯಾಯಾಲಯಗಳಲ್ಲಿದ್ದರೆ ಸರ್ವೋಚ್ಚ ನ್ಯಾಯಾಲಯವು ಅವನ್ನು ತನ್ನ ಬಳಿಗೆ ಕರೆಸಿಕೊಳ್ಳಬಹುದು. ಸಂಹಿತೆಯ ೨೫ನೆಯ ಕಲಮಿನ ಮೇರೆಗೆ ಒಂದು ರಾಜ್ಯದ ದಾವೆಯನ್ನು ಇನ್ನೊಂದು ರಾಜ್ಯಕ್ಕೆ ವರ್ಗಾಯಿಸಬಹುದು. ಸಾಧನಗಳನ್ನು ಬಳಸಬೇಕಾದರೆ ಮೂರು ಊರುಗಳ ವಕೀಲರು ಮೊದಲು ಒಬ್ಬರೊಡನೊಬ್ಬರು ಮಾತನಾಡಿರಬೇಕು.

೬

ಕೂಡಿ ನಿಂತುದರಿಂದಲೇ ಎಲ್ಲವೂ ಸರಿಹೋಗುತ್ತದೆಂದು ಭಾವಿಸಲಾಗದು. ಇದಕ್ಕೆ ಭೋಪಾಲದ ನಿದರ್ಶನವೇ ಸಾಕು. ೧೯೮೪ರ ಡಿಸೆಂಬರ್ ೨-೩ರ ರಾತ್ರಿಯ ವಿಷಾನಿಲ ದುರಂತದ ಬಳಿಕ ಅಮೆರಿಕದ ವಕೀಲರು ಭೋಪಾಲಕ್ಕೆ ಧಾವಿಸಿ ನೊಂದವರಿಂದ ರುಜು ಪಡೆದು ತಮ್ಮ ದೇಶದಲ್ಲಿ ದಾವೆಗಳನ್ನು ಹೂಡಿದರು. ಭಾರತ ಸರ್ಕಾರವು ೧೯೮೫ರ ವಿಶೇಷ ಅಧಿನಿಯಮದ ಮೂಲಕ ಎಲ್ಲ ಸಂತ್ರಸ್ತರ ಪರವಾಗಿ ತಾನೇ ವಾದಿಯಾಗಿ ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ಒಂದು ವಿಚಿತ್ರ ಸನ್ನಿವೇಶ ಉಂಟಾಯಿತು. ಭಾರತದ ನ್ಯಾಯಾಲಯಗಳು ಇಂಥ ಪ್ರಕರಣವನ್ನು ನಿರ್ವಹಿಸಲಾರವೆಂದು ಅಮೆರಿಕದ ವಿದ್ವಾಂಸ ಮಾರ್ಕ್ ಗ್ಯಾಲಂಟರ್ ಅವರು ಭಾರತದ ಪರವಾಗಿ ಪ್ರಮಾಣಪತ್ರ ಸಲ್ಲಿಸಿದರು. ನಿರ್ವಹಿಸಬಲ್ಲವೆಂದು ನಮ್ಮ ದೇಶದ ಪ್ರಖ್ಯಾತ ನ್ಯಾಯವಾದಿ ಎನ್. ಎ. ಪಾಲ್ಖಿವಾಲಾ ಅವರು ಕಂಪನಿಯ ಪರವಾಗಿ ಸಲ್ಲಿಸಿದರು. ೧೯೮೬ರಲ್ಲಿ ನ್ಯಾಯಾಧೀಶ ಕೀನನ್ ಅವರು ಈ ಪ್ರಕರಣಕ್ಕೆ ಭಾರತವೇ ತಕ್ಕ ಸ್ಥಳವೆಂದು ಹೇಳಿ ದಾವೆಯನ್ನು ಹಿಂದಕ್ಕೆ ಕಳುಹಿಸಿದರು. ೧೯೮೯ರ ಫೆಬ್ರವರಿಯಲ್ಲಿ ೪೭ ಕೋಟಿ ಡಾಲರುಗಳಿಗೆ ರಾಜಿಯಾಯಿತು. ಆದರೆ ಯಾರ ಹೆಸರಿನಲ್ಲಿ ರಾಜಿ ನಡೆಯಿತೋ ಅವರನ್ನು ಮೊದಲು ಕೇಳಿರಲಿಲ್ಲ. ಮಂಗಳೂರಿನಲ್ಲಿ ಕುಟುಂಬಗಳು ಒಬ್ಬಂಟಿಯಾದರೆ, ಭೋಪಾಲದಲ್ಲಿ ಅವರು ಸಮೂಹದೊಳಗೆ ದನಿಯಿಲ್ಲದವರಾದರು.

ಇನ್ನೊಂದು ನಿದರ್ಶನವು ಮಾರ್ಟಿನಿಕ್ ದ್ವೀಪದ್ದು. ೨೦೦೫ರ ಆಗಸ್ಟ್ ೧೬ರಂದು ವೆನೆಜುವೆಲಾದಲ್ಲಿ ಬಿದ್ದ ವಿಮಾನದಲ್ಲಿ ೧೬೦ ಮಂದಿ ಮಡಿದರು. ಅವರಲ್ಲಿ ಹೆಚ್ಚಿನವರು ಫ್ರಾನ್ಸಿಗೆ ಸೇರಿದ ಆ ದ್ವೀಪದವರು. ಕುಟುಂಬಗಳು ಹೆಚ್ಚಿನ ಪರಿಹಾರವನ್ನು ಬಯಸಿ ಅಮೆರಿಕದ ಫ್ಲಾರಿಡಾದಲ್ಲಿ ದಾವೆ ಹೂಡಿದರು. ಅಲ್ಲಿಯ ನ್ಯಾಯಾಲಯವು ಮಾರ್ಟಿನಿಕ್ಕಿಗೆ ಹೋಗಿರೆಂದಿತು. ೨೦೧೧ರಲ್ಲಿ ಫ್ರಾನ್ಸಿನ ಅತ್ಯುಚ್ಚ ನ್ಯಾಯಾಲಯವು, ಸ್ಥಳವನ್ನು ಆರಿಸುವ ಹಕ್ಕು ವಾದಿಗಳದು, ಅವರು ಅಮೆರಿಕವನ್ನು ಆರಿಸಿರುವಾಗ ಇಲ್ಲಿ ವಿಚಾರಣೆ ಸಲ್ಲದೆಂದಿತು. ಎರಡು ಬಾಗಿಲುಗಳ ನಡುವೆ ಕುಟುಂಬಗಳು ನಿಂತುಬಿಟ್ಟುವು. ದೂರದ ನ್ಯಾಯಾಲಯವು ಯಾವಾಗಲೂ ಉದಾರವೆಂಬ ನಂಬಿಕೆ ಎಷ್ಟು ಅಪಾಯಕರವೆಂಬುದು ಇದರಿಂದ ಮನದಟ್ಟಾಗುತ್ತದೆ.

೭

ಹೀಗಿರುವಾಗ ವಕೀಲರ ಅಂತರರಾಷ್ಟ್ರೀಯ ಸಹಕಾರವೆಂದರೆ ವಿದೇಶೀ ನ್ಯಾಯಾಲಯಕ್ಕೆ ಓಡುವುದೆಂದು ಅರ್ಥಮಾಡಬಾರದು. ಅದರ ನಿಜವಾದ ಕ್ಷೇತ್ರವು ಇನ್ನೂ ಸಾಮಾನ್ಯವಾದುದು, ಇನ್ನೂ ಉಪಯುಕ್ತವಾದುದು. ದುಬೈಯ ಮಾಲೀಕನಿಂದ ಸಂಬಳದ ದಾಖಲೆಯನ್ನು ಪಡೆಯಬೇಕು. ಅರಬ್ಬೀ ಭಾಷೆಯಲ್ಲಿರುವ ಕರಾರನ್ನು ಅನುವಾದಿಸಿ ದೃಢೀಕರಿಸಬೇಕು. ಅಲ್ಲಿ ಉಳಿದಿರುವ ಮಗನಿಂದ ಮುಖ್ತ್ಯಾರುನಾಮೆಯನ್ನು ರಾಯಭಾರ ಕಚೇರಿಯ ಮೂಲಕ ತರಿಸಬೇಕು. ಟಿಕೆಟ್ಟಿನ ಸ್ವರೂಪವನ್ನು ನೋಡಿ ಯಾವ ದೇಶದಲ್ಲಿ ಹಕ್ಕಿದೆಯೆಂದು ಎರಡು ವರ್ಷಗಳ ಒಳಗೆ ತಿಳಿಸಬೇಕು. ಕೊಲ್ಲಿಯ ಸಂಬಳದ ರೀತಿಯನ್ನು ಬಲ್ಲ ಅಲ್ಲಿಯ ಒಬ್ಬ ವಕೀಲನು ಒಮ್ಮೆ ಬರೆದುಕೊಟ್ಟ ಅಭಿಪ್ರಾಯವು ಇಲ್ಲಿ ನೂರು ಕುಟುಂಬಗಳಿಗೆ ಆಧಾರವಾಗಬಲ್ಲುದು. ಪ್ರತಿಯೊಂದು ಕುಟುಂಬವೂ ಇದನ್ನೆಲ್ಲ ತನ್ನ ಖರ್ಚಿನಲ್ಲಿ ಮಾಡಬೇಕಾದರೆ ಬಡವನು ಮೊದಲ ಹೆಜ್ಜೆಯಲ್ಲಿಯೇ ರಾಜಿಗೆ ಒಪ್ಪುತ್ತಾನೆ.

ಸರ್ಕಾರಗಳ ಮಟ್ಟದಲ್ಲಿ ಇದಕ್ಕೆ ತಕ್ಕಮಟ್ಟಿನ ದಾರಿ ಸಿದ್ಧವಾಗಿದೆ. ೧೯೯೯ರ ಅಕ್ಟೋಬರ್ ತಿಂಗಳಲ್ಲಿ ಭಾರತವೂ ಸಂಯುಕ್ತ ಅರಬ್ ಸಂಸ್ಥಾನಗಳೂ ಸಿವಿಲ್ ಮತ್ತು ವಾಣಿಜ್ಯ ವಿಷಯಗಳಲ್ಲಿ ನ್ಯಾಯಾಂಗ ಸಹಕಾರದ ಒಪ್ಪಂದಕ್ಕೆ ರುಜು ಹಾಕಿದುವು. ಸಮನ್ಸುಗಳ ಜಾರಿ, ಸಾಕ್ಷ್ಯದ ಸಂಗ್ರಹ, ಡಿಕ್ರಿಗಳ ಅಮಲು ಇವೆಲ್ಲ ಅದರಲ್ಲಿ ಸೇರಿವೆ. ೨೦೨೦ರ ಜನವರಿ ೧೭ರ ಅಧಿಸೂಚನೆಯಿಂದ ಆ ದೇಶದ ಗೊತ್ತಾದ ನ್ಯಾಯಾಲಯಗಳ ಡಿಕ್ರಿಯನ್ನು ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿ ನೇರವಾಗಿ ಅಮಲಿಗೆ ತರಬಹುದಾಗಿದೆ.

ವೃತ್ತಿಯ ನಿಯಮಗಳು ಈ ಸಹಕಾರಕ್ಕೆ ಎಲ್ಲೆಯನ್ನು ಹಾಕಿವೆ. ಆ ಎಲ್ಲೆಗಳು ಹೆಚ್ಚಾಗಿ ಹಿತಕರವಾದುವೇ. ನಮ್ಮ ವಕೀಲರ ಪರಿಷತ್ತಿನ ನಿಯಮಗಳಂತೆ ವಕೀಲನು ಗೆದ್ದ ಹಣದಲ್ಲಿ ಪಾಲು ಕೇಳುವಂತಿಲ್ಲ. ಕಕ್ಷಿಗಾರರನ್ನು ಹುಡುಕಿಕೊಂಡು ಹೋಗುವಂತಿಲ್ಲ. ಅಮೆರಿಕದಲ್ಲಿ ಗೆದ್ದ ಹಣದ ಪಾಲೇ ವಕೀಲನ ಸಂಭಾವನೆಯಾಗುವುದು ರೂಢಿ. ಬಡವನಿಗೆ ಇದರಿಂದ ಅನುಕೂಲವೂ ಉಂಟು, ದುರುಪಯೋಗವೂ ಉಂಟು. ಅದನ್ನರಿತೇ ಆ ದೇಶವು ತನ್ನಲ್ಲಿ ನಡೆದ ವಿಮಾನ ಅಪಘಾತಗಳ ತರುವಾಯ ೪೫ ದಿನಗಳವರೆಗೆ ವಕೀಲರು ಕರೆಯದೆ ಕುಟುಂಬಗಳನ್ನು ಸಂಪರ್ಕಿಸಬಾರದೆಂದು ಕಾನೂನು ಮಾಡಿದೆ. ವಿದೇಶೀ ವಕೀಲರು ಭಾರತದಲ್ಲಿ ವೃತ್ತಿ ನಡೆಸುವಂತಿಲ್ಲ, ಆದರೆ ತಮ್ಮ ದೇಶದ ಕಾನೂನಿನ ಬಗೆಗೆ ಸಲಹೆ ಕೊಡಲು ತಾತ್ಕಾಲಿಕವಾಗಿ ಬಂದುಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೮ರ ಮಾರ್ಚ್ ತಿಂಗಳಲ್ಲಿ ತೀರ್ಪಿತ್ತಿತು. ೨೦೨೩ರಲ್ಲಿ ಪರಿಷತ್ತು ಪ್ರಕಟಿಸಿದ ನಿಯಮಗಳಂತೆ ನೋಂದಣಿ ಮಾಡಿಸಿದ ವಿದೇಶೀ ವಕೀಲ ಸಂಸ್ಥೆಗಳು ನ್ಯಾಯಾಲಯದ ಹೊರಗಿನ ಕೆಲಸವನ್ನು ಮಾಡಬಹುದು. ನಮ್ಮ ವಿಷಯಕ್ಕೆ ಇಷ್ಟು ಸಾಕು: ವಾದವನ್ನು ಇಲ್ಲಿಯ ವಕೀಲರು ನಡೆಸಲಿ, ಜ್ಞಾನವು ಎಲ್ಲಿಂದಲಾದರೂ ಬರಲಿ.

೮

ಮೇಲ್ಕಂಡ ವಿವೇಚನೆಯಿಂದ ಒಂದು ತೀರ್ಮಾನಕ್ಕೆ ಬರಬಹುದು. ಹಕ್ಕು ಒಂದೊಂದು ಕುಟುಂಬದ್ದಾಗಿಯೇ ಉಳಿಯಬೇಕು. ಸಮಾನವಾದ ಪ್ರಶ್ನೆಯನ್ನು ಮಾತ್ರ ಕೂಡಿ ಕೇಳಬೇಕು. ಅದಕ್ಕೆ ಬೇಕಾದ ದಾಖಲೆಯನ್ನೂ ಕಾನೂನಿನ ತಿಳಿವಳಿಕೆಯನ್ನೂ ಗಡಿಗಳ ಆಚೆಈಚೆಯ ವಕೀಲರು ಹಂಚಿಕೊಳ್ಳಬೇಕು. ಒಬ್ಬಂಟಿತನಕ್ಕೂ ದನಿಯಿಲ್ಲದ ಸಮೂಹಕ್ಕೂ ನಡುವೆ ಇರುವ ದಾರಿ ಇದೇ. ಸಮೂಹದ ಪರವಾಗಿ ರಾಜಿ ಮಾಡುವಾಗ ಪ್ರತಿಯೊಬ್ಬರಿಗೂ ಅವರವರ ಭಾಷೆಯಲ್ಲಿ ವಿಷಯವನ್ನು ತಿಳಿಸಿ, ಬೇಡವೆನ್ನುವವನಿಗೆ ಹೊರಗೆ ನಿಲ್ಲುವ ಸ್ವಾತಂತ್ರ್ಯವನ್ನು ಕೊಡುವುದು ಇದರ ಅಂಗವಾಗಿರಬೇಕು.

ಇದು ಬರಿಯ ಹಳೆಯ ಕಥೆಯಲ್ಲ. ೨೦೨೦ರ ಆಗಸ್ಟ್ ೭ರಂದು ಕೋಳಿಕ್ಕೋಡಿನಲ್ಲಿ, ಮಂಗಳೂರಿನಂತೆಯೇ ಗುಡ್ಡದ ತಲೆಯ ಮೇಲಿರುವ ನಿಲ್ದಾಣದಲ್ಲಿ, ದುಬೈಯಿಂದ ಬಂದ ವಿಮಾನವು ಓಡುದಾರಿಯನ್ನು ದಾಟಿ ಬಿದ್ದು ೨೧ ಮಂದಿ ಸತ್ತರು. ೨೦೨೫ರ ಜೂನ್ ೧೨ರಂದು ಅಹಮದಾಬಾದಿನಲ್ಲಿ ಲಂಡನ್ನಿಗೆ ಹೊರಟ ವಿಮಾನವು ಬಿದ್ದು, ನೆಲದ ಮೇಲಿದ್ದವರೂ ಸೇರಿ ೨೬೦ ಮಂದಿ ಮಡಿದರು. ಪ್ರಯಾಣಿಕರಲ್ಲಿ ಭಾರತ, ಬ್ರಿಟನ್, ಪೋರ್ಚುಗಲ್, ಕೆನಡಾ ದೇಶಗಳವರಿದ್ದರು. ಈ ಸಲ ಹೊರದೇಶದ ವಕೀಲ ಸಂಸ್ಥೆಗಳು ಕೆಲವು ಕುಟುಂಬಗಳ ಪರವಾಗಿ ಬೇಗನೆ ಮುಂದೆ ಬಂದುವು. ಮಂಗಳೂರಿನ ಅನುಭವವನ್ನು ಕ್ರಮವಾಗಿ ಬರೆದಿಟ್ಟಿದ್ದರೆ ಅಂಥ ಕುಟುಂಬಗಳಿಗೆ ಅದು ಮೊದಲ ಕೈದೀಪವಾಗುತ್ತಿತ್ತು. ತೀರ್ಪುಗಳನ್ನೂ, ರಾಜಿಯ ಕ್ರಮವನ್ನೂ, ಕುಟುಂಬಗಳ ಅನುಭವವನ್ನೂ, ಹೆಸರುಗಳನ್ನು ಮರೆಮಾಡಿ, ಕನ್ನಡ, ತುಳು, ಬ್ಯಾರಿ, ಕೊಂಕಣಿ, ಮಲೆಯಾಳಗಳನ್ನು ಬಲ್ಲ ನಮ್ಮ ವಿದ್ಯಾರ್ಥಿಗಳು ಇನ್ನಾದರೂ ಸಂಗ್ರಹಿಸಬಹುದು. ವಕೀಲರ ಸಹಕಾರಕ್ಕೆ ವಿದ್ಯಾಸಂಸ್ಥೆಗಳು ಸಲ್ಲಿಸಬಹುದಾದ ಸೇವೆಗಳಲ್ಲಿ ಇದು ಮೊದಲನೆಯದೆಂದು ನಾವು ಭಾವಿಸುತ್ತೇವೆ.